ಕ್ಷಾಮಕಾಲದ ಆರೋಗ್ಯಸೇವೆ: ಇಥಿಯೋಪಿಯದ ಗ್ರಾಮಗಳ ನಿದರ್ಶನ



ಆಫ್ರಿಕದ ಗ್ರಾಮೀಣ ಜನರಲ್ಲಿ ನಡೆದಿರುವ ಆರೋಗ್ಯಸೇವೆಯನ್ನೂ ಬರಪರಿಹಾರ ಕಾರ್ಯವನ್ನೂ ಕುರಿತು ಮಾತನಾಡಬೇಕೆಂಬುದು ನನ್ನ ಸಂಕಲ್ಪ. ಐವತ್ತಕ್ಕೂ ಹೆಚ್ಚು ಸ್ವತಂತ್ರ ರಾಷ್ಟ್ರಗಳಿಂದ ಕೂಡಿ, ಮಳೆಯಲ್ಲಿ, ಬೆಳೆಯಲ್ಲಿ, ಭಾಷೆಯಲ್ಲಿ, ಆಡಳಿತಕ್ರಮದಲ್ಲಿ ಒಂದನ್ನೊಂದು ಹೋಲದ ನೂರು ಸೀಮೆಗಳನ್ನುಳ್ಳ ಆ ಮಹಾಖಂಡವನ್ನು ಒಂದು ಗಂಟೆಯ ಭಾಷಣದಲ್ಲಿ ಒಟ್ಟಾಗಿ ನೋಡಲು ಹೊರಟರೆ, ನೋಡಿದಂತೆ ಭಾಸವಾದೀತೇ ಹೊರತು ಏನನ್ನೂ ಕಂಡಂತಾಗದು. ಆದುದರಿಂದ ನಾನು ಇಥಿಯೋಪಿಯವೊಂದನ್ನೇ ಮುಖ್ಯವಾಗಿ ಆರಿಸಿಕೊಂಡಿದ್ದೇನೆ. ಮೊದಲು, ಕ್ಷಾಮದಲ್ಲಿ ಜನ ಏತರಿಂದ ಸಾಯುತ್ತಾರೆ ಎಂಬ ಪ್ರಶ್ನೆ. ಅನಂತರ, ಚಿಕಿತ್ಸೆ ಆಸ್ಪತ್ರೆಯನ್ನು ಬಿಟ್ಟು ಮನೆಯ ಬಾಗಿಲಿಗೆ ಬಂದ ವೃತ್ತಾಂತ. ತರುವಾಯ ಆ ಬಾಗಿಲಿಗೆ ಹೋಗುವ ಹೆಣ್ಣುಮಕ್ಕಳ ಕೆಲಸ. ಕಡೆಗೆ ದನಗಾಹಿಗಳ ನಾಡಿನ ನೀರು ಮತ್ತು ಹಾಲು. ಈ ನಾಲ್ಕನ್ನೂ ಕುರಿತು ನಾನು ಹೇಳಬೇಕಾದುದು ಒಂದೇ: ಬರಪರಿಹಾರವು ಜನ ಊರು ಬಿಡುವ ಮೊದಲೇ ಊರಿಗೆ ತಲಪಬೇಕು, ಹಾಗೆ ತಲಪಬೇಕಾದರೆ ಬರವಿಲ್ಲದ ವರ್ಷಗಳಲ್ಲಿಯೇ ಆ ಊರಿನಲ್ಲಿ ಆರೋಗ್ಯದ ಒಂದು ನೆಲೆ ಇರಬೇಕು.

ಮೊದಲನೆಯ ವಿಷಯ. ಮಳೆ ಬಾರದಿದ್ದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಅನ್ನವಿಲ್ಲ, ಅನ್ನವಿಲ್ಲದಿದ್ದರೆ ಮರಣ ಎಂಬ ಸರಪಣಿ ನಮಗೆಲ್ಲ ಸಹಜವಾಗಿ ತೋರುತ್ತದೆ. ಆದರೆ ಅದರ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದವರಿಗೆ ಬೇರೆಯ ಸಂಗತಿಗಳು ಕಂಡುಬಂದಿವೆ. 1973ರಲ್ಲಿ ಇಥಿಯೋಪಿಯದ ಈಶಾನ್ಯ ಭಾಗದ ವೊಲ್ಲೊ ಪ್ರಾಂತ್ಯದಲ್ಲಿ ಘೋರ ಕ್ಷಾಮ ತಲೆದೋರಿತು. ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಕ್ಷಾಮವನ್ನು ವಿಶ್ಲೇಷಿಸಿ, ಪ್ರಾಂತ್ಯದ ಮುಖ್ಯ ಪಟ್ಟಣವಾದ ದೆಸ್ಸಿಯಲ್ಲಿ ಧಾನ್ಯದ ಬೆಲೆ ಗಮನಾರ್ಹವಾಗಿ ಏರಿರಲಿಲ್ಲವೆಂದೂ, ಕ್ಷಾಮಪೀಡಿತವಾದ ಆ ಪ್ರಾಂತ್ಯದಿಂದಲೇ ಧಾನ್ಯ ಹೊರಗಿನ ನಗರಗಳಿಗೆ ಸಾಗುತ್ತಿತ್ತೆಂದೂ ತೋರಿಸಿಕೊಟ್ಟರು. ಹೊಲ ಒಣಗಿದ ರೈತನ ಕೈಯಲ್ಲಿ ಕೊಳ್ಳುವುದಕ್ಕೆ ಹಣವಿರಲಿಲ್ಲ. ಕೊಳ್ಳುವವನಿಲ್ಲದ ಸಂತೆಯಲ್ಲಿ ಬೆಲೆ ಏರುವುದಾದರೂ ಹೇಗೆ? ದನಗಾಹಿಯ ಪಾಡು ಇನ್ನೂ ಕಷ್ಟದ್ದು. ಹಸುವನ್ನು ಮಾರಿ ಕಾಳು ಕೊಂಡು ತಿನ್ನುವ ಅವನಿಗೆ, ಬರಗಾಲದಲ್ಲಿ ಎಲ್ಲರೂ ಬಡಕಲು ಹಸುಗಳನ್ನು ಒಮ್ಮೆಗೇ ಸಂತೆಗೆ ಹೊಡೆದುಕೊಂಡು ಬಂದಾಗ, ಒಂದು ಹಸುವಿಗೆ ಸಿಕ್ಕುತ್ತಿದ್ದ ಕಾಳು ಹಿಂದಿನ ಒಂದಂಶ ಮಾತ್ರವಾಗುತ್ತಿತ್ತು.

ಹೀಗೆ ಕೊಳ್ಳುವ ಶಕ್ತಿ ಕುಸಿದ ಕುಟುಂಬ ಏನು ಮಾಡುತ್ತದೆ? ಮೊದಲು ಊಟ ಕಡಮೆ ಮಾಡುತ್ತದೆ, ಆಮೇಲೆ ಪಾತ್ರೆ ಪಡಗ ಮಾರುತ್ತದೆ, ಬಿತ್ತನೆಯ ಬೀಜವನ್ನೂ ಉಳುವ ಎತ್ತನ್ನೂ ಕಳೆದುಕೊಳ್ಳುತ್ತದೆ. ಕಟ್ಟಕಡೆಗೆ ಅನ್ನ ಸಿಕ್ಕುವುದೆಂದು ಕೇಳಿಬಂದ ದಿಕ್ಕಿಗೆ ನಡೆಯತೊಡಗುತ್ತದೆ. 1984ರ ಅಕ್ಟೋಬರ್ ತಿಂಗಳಲ್ಲಿ ಬಿ.ಬಿ.ಸಿ.ಯ ವರದಿಯ ಮೂಲಕ ಜಗತ್ತು ಕಂಡ, ಕೊರೆಮ್ ಎಂಬ ಊರಿನ ದೃಶ್ಯ, ಹೀಗೆ ನಡೆದು ಬಂದ ಸಹಸ್ರಾರು ಕುಟುಂಬಗಳು ಎತ್ತರದ ಪ್ರಸ್ಥಭೂಮಿಯ ಚಳಿಯಲ್ಲಿ ಹೊದಿಕೆ ಸಾಲದೆ ಬಯಲಲ್ಲಿ ಮಲಗಿದ್ದ ದೃಶ್ಯ. ಅಂದಿನ ಸೈನಿಕ ಸರ್ಕಾರದ ಯುದ್ಧವೂ, ಜನರನ್ನು ಬಲಾತ್ಕಾರದಿಂದ ದೂರದ ಸೀಮೆಗಳಿಗೆ ಸಾಗಿಸಿದ ಕ್ರಮವೂ ಆ ದುರಂತವನ್ನು ಹೆಚ್ಚಿಸಿದುವೆಂಬುದನ್ನು ಮರೆಯಲಾಗದು. ಮಳೆಯೊಂದರ ಮೇಲೆಯೇ ದೋಷವನ್ನು ಹೊರಿಸಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ನಾನು ಇಲ್ಲಿ ಒತ್ತಿ ಹೇಳಬಯಸುವುದು, ಜನ ಒಂದೆಡೆ ನೆರೆದಾಗ ರೋಗವೂ ಅಲ್ಲಿಯೇ ನೆರೆಯುತ್ತದೆಂಬ ಸಂಗತಿಯನ್ನು. ಹಸಿದ ಮಗುವಿನ ದೇಹದಲ್ಲಿ ರೋಗನಿರೋಧಶಕ್ತಿ ಕುಗ್ಗಿರುತ್ತದೆ. ಕರುಳಿನ ಒಳಪೊರೆ ತೆಳುವಾಗಿರುತ್ತದೆ. ಒಂದು ಸಲ ಭೇದಿಯಾದರೆ ತಿಂದ ಅಲ್ಪವೂ ಮೈಗೆ ಹತ್ತದೆ ಹೋಗಿ, ಮಗು ಇನ್ನಷ್ಟು ಸೊರಗಿ, ಮುಂದಿನ ಭೇದಿಗೆ ಇನ್ನೂ ಬೇಗ ತುತ್ತಾಗುತ್ತದೆ. ಅಂತಹ ಮಕ್ಕಳ ಗುಂಪಿನ ನಡುವೆ ದಡಾರದ ಒಂದು ಕಿಡಿ ಬಿದ್ದರೆ ಸಾಕು.

ಇದಕ್ಕೆ ಸ್ಪಷ್ಟವಾದ ಪುರಾವೆ ದೊರೆತುದು 2000ದಲ್ಲಿ, ದೇಶದ ಆಗ್ನೇಯ ಭಾಗದ ಸೊಮಾಲಿ ಪ್ರಾಂತ್ಯಕ್ಕೆ ಸೇರಿದ ಗೋಡೆ ಎಂಬ ಜಿಲ್ಲೆಯಲ್ಲಿ. ವರ್ಷಗಳ ಅನಾವೃಷ್ಟಿಯಿಂದ ದನಕರುಗಳನ್ನು ಕಳೆದುಕೊಂಡ ಜನ ಪಟ್ಟಣದತ್ತ ಬಂದು ಸೇರಿದ್ದರು. ಅಲ್ಲಿ ಸಮೀಕ್ಷೆ ನಡೆಸಿದ ವೈದ್ಯರು ತಮ್ಮ ಲೆಕ್ಕಕ್ಕೆ ಸಿಕ್ಕಿದ 293 ಸಾವುಗಳನ್ನು ಒಂದೊಂದಾಗಿ ವಿಚಾರಿಸಿದಾಗ, ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಗಿಲಾದುವು ಪರಿಹಾರಕಾರ್ಯ ದೊಡ್ಡ ಪ್ರಮಾಣದಲ್ಲಿ ಆರಂಭವಾಗುವುದಕ್ಕೆ ಮೊದಲೇ ಸಂಭವಿಸಿದ್ದುವೆಂದೂ, ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಐದನೆಯ ಒಂದು ಪಾಲಿಗಿಂತ ಅಧಿಕವಾದುವಕ್ಕೆ ದಡಾರದ ಸಂಬಂಧವಿತ್ತೆಂದೂ ತಿಳಿದುಬಂತು. ದಡಾರಕ್ಕೆ ಲಸಿಕೆಯುಂಟು, ಅದು ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಆಹಾರದ ಲಾರಿಗಳ ಹಿಂದೆಯೋ ಮುಂದೆಯೋ ಲಸಿಕೆಯ ಪೆಟ್ಟಿಗೆ ಬಂದಿದ್ದರೆ, ಜೊತೆಗೆ ಎ ಜೀವಸತ್ವದ ಒಂದೊಂದು ಗುಳಿಗೆ ಬಂದಿದ್ದರೆ, ಆ ಮಕ್ಕಳಲ್ಲಿ ಹಲವರು ಬದುಕಿರುತ್ತಿದ್ದರು. ಈ ಅಂಕಿಗಳನ್ನು ಓದುವಾಗ ನನಗೆ ಅತೀವವಾದ ದುಃಖವಾಗುತ್ತದೆ, ಏಕೆಂದರೆ ಇಲ್ಲಿ ಅಜ್ಞಾತವಾದುದು ಯಾವುದೂ ಇರಲಿಲ್ಲ. ಹನ್ನೊಂದು ವರ್ಷಗಳ ತರುವಾಯ ನೆರೆಯ ಸೊಮಾಲಿಯದಲ್ಲಿಯೂ ಹೀಗೆಯೇ ಆಯಿತು. 2010ರಲ್ಲಿಯೇ ಮುನ್ನೆಚ್ಚರಿಕೆ ಬಂದಿತ್ತು. ಕ್ಷಾಮವೆಂದು ಘೋಷಿಸಿದುದು 2011ರ ಜುಲೈ 20ರಂದು. ಒಟ್ಟು ಸತ್ತವರು ಸುಮಾರು 2,58,000 ಮಂದಿಯೆಂದೂ ಅವರಲ್ಲಿ ಅರ್ಧದಷ್ಟು ಮಂದಿ ಐದು ವರ್ಷದೊಳಗಿನ ಮಕ್ಕಳೆಂದೂ ಅನಂತರದ ಅಂದಾಜು.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ. ತೀವ್ರವಾದ ಅಪೌಷ್ಟಿಕತೆಗೆ ಒಳಗಾದ ಮಗುವಿಗೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಇದ್ದ ಚಿಕಿತ್ಸೆ ಆಸ್ಪತ್ರೆಯ ಚಿಕಿತ್ಸೆ. ವಿಶೇಷವಾಗಿ ಸಿದ್ಧಪಡಿಸಿದ ಹಾಲಿನ ಪುಡಿಯನ್ನು ಶುದ್ಧವಾದ ನೀರಿನಲ್ಲಿ ಕಲಸಿ, ಹಗಲೂ ರಾತ್ರಿಯೂ ಗಂಟೆಗಳ ಲೆಕ್ಕದಲ್ಲಿ ಕುಡಿಸಬೇಕು. ಅದಕ್ಕಾಗಿ ತಾಯಿ ಮಗುವಿನೊಡನೆ ವಾರಗಟ್ಟಲೆ ಕೇಂದ್ರದಲ್ಲಿಯೇ ಇರಬೇಕು. ಮನೆಯಲ್ಲಿ ಉಳಿದ ಮಕ್ಕಳಿಗೆ ಗಂಜಿ ಕಾಯಿಸಿಕೊಡುವವರು ಯಾರು? ಅಷ್ಟರಲ್ಲಿ ಒಂದು ಹದಮಳೆ ಬಂದರೆ ಬಿತ್ತುವವರು ಯಾರು? ಈ ಕಾರಣದಿಂದ ಅನೇಕ ತಾಯಂದಿರು ಬರುತ್ತಲೇ ಇರಲಿಲ್ಲ. ಬಂದವರು ಮಗು ಕಣ್ಣು ತೆರೆಯುತ್ತಿದ್ದಂತೆಯೇ ಎತ್ತಿಕೊಂಡು ಹಿಂದಿರುಗುತ್ತಿದ್ದರು. ಬಂದು ಉಳಿದವರ ಮಕ್ಕಳಿಗೆ ಪಕ್ಕದ ಹಾಸಿಗೆಯ ಮಗುವಿನ ರೋಗ ತಗಲುತ್ತಿತ್ತು.

ಈ ಸ್ಥಿತಿಯನ್ನು ಬದಲಾಯಿಸಿದ ವಸ್ತು ತೀರ ಸಾಮಾನ್ಯವಾದುದು. ಫ್ರಾನ್ಸ್ ದೇಶದ ವೈದ್ಯ ಆಂದ್ರೆ ಬ್ರಿಯಾಂ ಎಂಬವರೂ ಮಿಶೆಲ್ ಲೆಸ್ಕಾನ್ ಎಂಬ ಆಹಾರತಜ್ಞರೂ ಸೇರಿ 1996ರಲ್ಲಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳು, ಖನಿಜಗಳು ಇವುಗಳನ್ನು ಅರೆದ ಕಡಲೆಕಾಯಿಯಲ್ಲಿ ಕಲಸಿ ಒಂದು ಲೇಹ್ಯವನ್ನು ಸಿದ್ಧಪಡಿಸಿದರು. ‘ಪ್ಲಂಪಿನಟ್’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿಗಳಷ್ಟು ಶಕ್ತಿಯಿದೆ. ಅದನ್ನು ಬೇಯಿಸಬೇಕಾಗಿಲ್ಲ, ನೀರಿನಲ್ಲಿ ಕಲಸಬೇಕಾಗಿಲ್ಲ. ನೀರಿನ ಅಂಶ ಅತ್ಯಲ್ಪವಾದುದರಿಂದ ಅದರಲ್ಲಿ ರೋಗಾಣುಗಳು ಬೆಳೆಯುವುದಿಲ್ಲ. ಹಾಲಿನ ಪುಡಿಗೆ ಬೇಕಾಗಿದ್ದ ಶುದ್ಧ ನೀರೇ ಬರಗಾಲದಲ್ಲಿ ಅತ್ಯಂತ ದುರ್ಲಭವಾದ ವಸ್ತು ಎಂಬುದನ್ನು ನೆನೆದರೆ ಈ ಉಪಾಯದ ಬೆಲೆ ತಿಳಿಯುತ್ತದೆ.

ಲೇಹ್ಯ ಸಿದ್ಧವಾದ ಮೇಲೂ, ಅದನ್ನು ಮನೆಗೆ ಕೊಟ್ಟು ಕಳುಹಿಸುವ ಧೈರ್ಯ ವೈದ್ಯವರ್ಗಕ್ಕೆ ಒಡನೆಯೇ ಬರಲಿಲ್ಲ. ಸಾಯುವಂತಿರುವ ಮಗುವನ್ನು ಮನೆಗೆ ಕಳುಹಿಸುವುದು ವೈದ್ಯಧರ್ಮವೇ ಎಂಬ ಆಕ್ಷೇಪಣೆ ಬಲವಾಗಿಯೇ ಇತ್ತು, ಅದು ಅಕಾರಣವಾದುದೂ ಅಲ್ಲ. ಸ್ಟೀವ್ ಕಾಲಿನ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ 2000ದ ಬರದಲ್ಲಿ ಇಥಿಯೋಪಿಯದಲ್ಲಿ ಈ ಕ್ರಮವನ್ನು ನಡೆಸಿ ನೋಡಿದರು. ಮನೆಯಲ್ಲಿಯೇ ಇದ್ದು ಚಿಕಿತ್ಸೆ ಪಡೆದ 170 ಮಕ್ಕಳಲ್ಲಿ 144 ಮಂದಿ ಚೇತರಿಸಿಕೊಂಡರು. 7 ಮಂದಿ ತೀರಿಕೊಂಡರು. ಇಂತಹ ಅನುಭವಗಳು ಮಲಾವಿ, ಸೂಡಾನ್ ಮೊದಲಾದ ದೇಶಗಳಲ್ಲಿಯೂ ಒದಗಿ, 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಇತರ ಅಂಗಗಳೂ ಸಂಯುಕ್ತ ಹೇಳಿಕೆಯ ಮೂಲಕ ಈ ಪದ್ಧತಿಗೆ ಮನ್ನಣೆ ನೀಡಿದುವು.

ಇದು ಹಳ್ಳಿಯಲ್ಲಿ ನಡೆಯುವ ಬಗೆಯನ್ನು ಸ್ವಲ್ಪ ಸಮೀಪದಿಂದ ನೋಡೋಣ. ಕಾರ್ಯಕರ್ತೆಯ ಕೈಯಲ್ಲಿರುವುದು ಹಸುರು, ಹಳದಿ, ಕೆಂಪು ಬಣ್ಣಗಳನ್ನು ಬಳಿದ ಒಂದು ಪಟ್ಟಿ. ಮಗುವಿನ ಎಡತೋಳಿನಲ್ಲಿ ಭುಜಕ್ಕೂ ಮೊಣಕೈಗೂ ನಟ್ಟನಡುವೆ ಅದನ್ನು ಸುತ್ತಿ, ಬಿಗಿಯಾಗದಂತೆ ಸಡಿಲವಾಗದಂತೆ ಎಳೆದು, ಕಿಂಡಿಯಲ್ಲಿ ಕಾಣುವ ಬಣ್ಣವನ್ನು ನೋಡುತ್ತಾಳೆ. ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಮೆಯಾದರೆ ಕೆಂಪು. ಅಲ್ಲಿಂದ ಹನ್ನೆರಡೂವರೆಯವರೆಗೆ ಹಳದಿ. ಆಮೇಲೆ ಮಗುವಿನ ಎರಡು ಪಾದಗಳ ಮೇಲೆಯೂ ಹೆಬ್ಬೆರಳುಗಳನ್ನಿಟ್ಟು ಮೂರು ಕ್ಷಣ ಒತ್ತಿ ತೆಗೆಯುತ್ತಾಳೆ. ಒತ್ತಿದೆಡೆ ಗುಳಿ ಹಾಗೆಯೇ ಉಳಿದರೆ ಬಾವು, ಮಗು ಮೇಲುನೋಟಕ್ಕೆ ತುಂಬಿಕೊಂಡಂತೆ ಕಂಡರೂ ಅಪಾಯದಲ್ಲಿದೆಯೆಂದು ಅರ್ಥ. ಕೊನೆಯದು, ಹಸಿವಿನ ಪರೀಕ್ಷೆ. ಪೊಟ್ಟಣದ ತುದಿಯನ್ನು ಹರಿದು ತಾಯಿಯ ಕೈಗೆ ಕೊಟ್ಟು, ಯಾರೂ ಬಲವಂತಪಡಿಸದೆ, ಮಗು ತಾನಾಗಿ ತಿನ್ನುವುದೇ ಎಂದು ಎದುರಿಗೆ ಕುಳಿತು ಕಾಯುತ್ತಾಳೆ. ತಿಂದ ಮಗುವಿಗೆ ಬೇರೆ ರೋಗಲಕ್ಷಣವಿಲ್ಲದಿದ್ದರೆ ವಾರಕ್ಕಾಗುವಷ್ಟು ಪೊಟ್ಟಣಗಳೊಡನೆ ಮನೆಗೆ ಹೋಗಬಹುದು. ಬಾಯಿ ಬಿಡದ ಮಗು, ಜ್ವರದಿಂದ ಬಳಲಿ ಮಂಕಾದ ಮಗು, ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ತೀರ್ಮಾನಿಸಲು ತಕ್ಕಡಿಯಿಲ್ಲ, ಪ್ರಯೋಗಶಾಲೆಯಿಲ್ಲ. ನೈಜರ್ ದೇಶದಲ್ಲಿ ಈ ಪಟ್ಟಿಯನ್ನು ತಾಯಂದಿರ ಕೈಗೇ ಕೊಟ್ಟು ಕಲಿಸಿದಾಗ ಅವರೂ ಸಮರ್ಪಕವಾಗಿ ಅಳೆಯಬಲ್ಲರೆಂದು ಸಿದ್ಧವಾಯಿತು.

ಪಟ್ಟಿ ಹಿಡಿದು ಬಾಗಿಲಿಗೆ ಬರುವ ಈ ಕಾರ್ಯಕರ್ತೆ ಯಾರು ಎಂಬುದೇ ನನ್ನ ಮೂರನೆಯ ವಿಷಯ. ಇಥಿಯೋಪಿಯ ಸರ್ಕಾರ 2003ರಲ್ಲಿ ಆರೋಗ್ಯ ವಿಸ್ತರಣೆಯ ಯೋಜನೆಯನ್ನು ಕೈಗೊಂಡಿತು. ಅಲ್ಲಿ ಆಡಳಿತದ ಅತಿ ಚಿಕ್ಕ ಘಟಕಕ್ಕೆ ಕೆಬೆಲೆ ಎಂದು ಹೆಸರು; ಒಂದು ಕೆಬೆಲೆಯಲ್ಲಿ ಸುಮಾರು ಐದು ಸಾವಿರ ಜನ. ಪ್ರತಿಯೊಂದು ಕೆಬೆಲೆಗೂ ಇಬ್ಬರು ಹೆಣ್ಣುಮಕ್ಕಳು. ಹತ್ತನೆಯ ತರಗತಿಯವರೆಗೆ ಓದಿದವರು. ಸಾಮಾನ್ಯವಾಗಿ ಅದೇ ಸೀಮೆಯವರು, ಅದೇ ಭಾಷೆಯನ್ನಾಡುವವರು. ಅವರಿಗೆ ಒಂದು ವರ್ಷದ ತರಬೇತಿ, ಸರ್ಕಾರದಿಂದ ಸಂಬಳ, ಕೆಲಸಕ್ಕೆ ಒಂದು ಚಿಕ್ಕ ಆರೋಗ್ಯಗೃಹ. ಸಂಬಳದ ವಿಷಯವನ್ನು ನಾನು ವಿಶೇಷವಾಗಿ ಎತ್ತಿ ಹೇಳುತ್ತೇನೆ. ಬಡ ಹೆಂಗಸರ ಶ್ರಮವನ್ನು ಸೇವೆಯೆಂದು ಹೊಗಳಿ ಕೂಲಿಯನ್ನು ಉಳಿಸಿಕೊಳ್ಳುವ ಪರಿಪಾಠ ಅನೇಕ ದೇಶಗಳಲ್ಲಿ ಉಂಟು. ನಮ್ಮಲ್ಲಿಯೂ ಆಶಾ ಕಾರ್ಯಕರ್ತೆಯರು ಗೌರವಧನದ ಪ್ರಶ್ನೆಗಾಗಿ ಬೀದಿಯಲ್ಲಿ ಕುಳಿತುದನ್ನು ನಾವು ಕಂಡಿದ್ದೇವೆ. ಮೂವತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸರ್ಕಾರಿ ನೌಕರರನ್ನಾಗಿ ನೇಮಿಸಿಕೊಂಡ ಆ ಬಡರಾಷ್ಟ್ರದ ನಿರ್ಧಾರ ಸಾಮಾನ್ಯವಾದುದಲ್ಲ.

ಪಾಯಿಖಾನೆಯ ಗುಂಡಿ ತೋಡಿಸುವುದು, ಸೊಳ್ಳೆಪರದೆ ಕಟ್ಟಿಸುವುದು, ಬಸುರಿಯರ ಯೋಗಕ್ಷೇಮ, ಮಕ್ಕಳ ಲಸಿಕೆ ಇವು ಆರಂಭದಲ್ಲಿ ಅವರ ಕೆಲಸಗಳು. 2008ರ ಬರದ ತರುವಾಯ ಅಪೌಷ್ಟಿಕತೆಯ ಚಿಕಿತ್ಸೆಯನ್ನು ಆರೋಗ್ಯಗೃಹಗಳಿಗೂ ವಿಸ್ತರಿಸಲಾಯಿತು. 2010ರಿಂದ ಈಚೆಗೆ ಮಕ್ಕಳ ನ್ಯುಮೋನಿಯಾಕ್ಕೆ ಔಷಧ ಕೊಡುವ ಅಧಿಕಾರವೂ ಅವರಿಗೆ ಬಂತು. ಐದು ವರ್ಷದೊಳಗೆ ಸಾಯುವ ಮಕ್ಕಳ ಸಂಖ್ಯೆ 2000ದ ಸಮೀಕ್ಷೆಯಲ್ಲಿ ಸಾವಿರಕ್ಕೆ 166 ಇದ್ದುದು 2016ರ ಸಮೀಕ್ಷೆಯ ವೇಳೆಗೆ 67ಕ್ಕೆ ಇಳಿಯಿತು. ಇದೆಲ್ಲವೂ ಈ ಕಾರ್ಯಕರ್ತೆಯರಿಂದಲೇ ಆಯಿತೆಂದು ಹೇಳಲಾಗದು. ರಸ್ತೆ, ಶಾಲೆ, ಬೆಳೆ ಎಲ್ಲದರ ಪಾಲೂ ಅದರಲ್ಲುಂಟು. ಆದರೂ 2015ರಲ್ಲಿ ಎಲ್ ನಿನೊ ಪ್ರಭಾವದಿಂದ ಮಳೆ ಕೈಕೊಟ್ಟು ಒಂದು ಕೋಟಿಗೂ ಮಿಗಿಲಾದ ಜನರಿಗೆ ಆಹಾರದ ನೆರವು ಬೇಕಾಗಿ ಬಂದಾಗ, ಆ ವರ್ಷ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ತೀವ್ರ ಅಪೌಷ್ಟಿಕತೆಗೆ ಚಿಕಿತ್ಸೆ ಪಡೆದರು, ಮತ್ತು 1984ರ ಕೊರೆಮ್ ಮರುಕಳಿಸಲಿಲ್ಲ. ಮಳೆಯ ಕೊರತೆ ದಶಕಗಳಲ್ಲಿ ಕಾಣದಷ್ಟು ತೀವ್ರವಾಗಿದ್ದರೂ ಜನ ಊರಿನಲ್ಲಿಯೇ ಉಳಿದು ನೆರವು ಪಡೆಯುವಂತಾಯಿತು.

ಹಾಗೆ ಊರಿನಲ್ಲಿ ಉಳಿಯಲು ಔಷಧವೊಂದೇ ಸಾಲದು. 2005ರಲ್ಲಿ ಆರಂಭವಾದ ಉತ್ಪಾದಕ ರಕ್ಷಣಾಜಾಲ ಎಂಬ ಯೋಜನೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಪ್ರತಿವರ್ಷವೂ ಹಸಿವಿಗೆ ಸಿಕ್ಕುವ ಕುಟುಂಬಗಳು ಯಾವುವೆಂಬುದು ಮೊದಲೇ ಗೊತ್ತಿದ್ದರೂ, ಪ್ರತಿವರ್ಷವೂ ಹೊಸದಾಗಿ ಹೊರದೇಶಗಳಿಗೆ ಮೊರೆಯಿಟ್ಟು, ನೆರವು ತಡವಾಗಿ ಬರುವುದನ್ನು ನೋಡುತ್ತಿದ್ದ ಸರ್ಕಾರ, ಅಂತಹ ಐವತ್ತು ಲಕ್ಷದಷ್ಟು ಜನರನ್ನು ಮುಂಚಿತವಾಗಿಯೇ ಗುರುತಿಸಿ, ಬಿತ್ತನೆಗೆ ಹಿಂದಿನ ತಿಂಗಳುಗಳಲ್ಲಿ ಬೆಟ್ಟದ ಇಳುಕಲುಗಳಲ್ಲಿ ಬದು ಹಾಕುವ, ಕೆರೆಕುಂಟೆ ತೋಡುವ ಕೆಲಸ ಕೊಟ್ಟು ಕಾಳನ್ನೋ ಹಣವನ್ನೋ ಸಲ್ಲಿಸುವ ಏರ್ಪಾಡು ಮಾಡಿತು. ವೃದ್ಧರಿಗೂ ಅಂಗವಿಕಲರಿಗೂ ಗರ್ಭಿಣಿಯರಿಗೂ ಕೆಲಸವಿಲ್ಲದೆಯೇ ನೆರವು. ಎತ್ತನ್ನು ಮಾರದೆ ಉಳಿಸಿಕೊಂಡ ರೈತ ಮುಂದಿನ ಮಳೆಗೆ ಉಳಬಲ್ಲ.

ನಾಲ್ಕನೆಯದಾದ ನೀರು ಮತ್ತು ಹಾಲಿನ ಮಾತು ನಮ್ಮನ್ನು ದೇಶದ ದಕ್ಷಿಣಕ್ಕೆ, ಬೊರಾನ ಜನರ ಹುಲ್ಲುಗಾವಲುಗಳಿಗೆ ಕರೆದೊಯ್ಯುತ್ತದೆ. ಅಲ್ಲಿ ‘ತುಲ’ ಎಂಬ ಪುರಾತನವಾದ ಆಳ ಬಾವಿಗಳಿವೆ. ಒಬ್ಬರ ಮೇಲೊಬ್ಬರಂತೆ ಬಾವಿಯ ಒಡಲಿನ ಮೆಟ್ಟುಗಳಲ್ಲಿ ನಿಂತ ಜನ ನೀರಿನ ಪಾತ್ರೆಗಳನ್ನು ಕೈಯಿಂದ ಕೈಗೆ ಎಸೆಯುತ್ತ, ಲಯ ತಪ್ಪದಂತೆ ಹಾಡುತ್ತ, ಮೇಲಿನ ತೊಟ್ಟಿಯನ್ನು ತುಂಬುತ್ತಾರೆ. ಯಾರ ಮಂದೆ ಯಾವ ದಿನ ನೀರು ಕುಡಿಯಬೇಕೆಂಬುದನ್ನು ‘ಅಬ್ಬಾ ಹೆರೆಗ’ ಎಂಬ ಅಧಿಕಾರಿ ನಿರ್ಣಯಿಸುತ್ತಾನೆ. ಅವನ ಮಾತನ್ನು ಮೀರಿ ಮಂದೆಯನ್ನು ಹೊಡೆದುಕೊಂಡು ಬರುವಂತಿಲ್ಲ. ದನಗಳನ್ನು ಕಳೆದುಕೊಂಡ ಕುಟುಂಬಕ್ಕೆ ಅದರ ಕುಲದವರು ಹಸುಗಳನ್ನು ಕೊಟ್ಟು ಮತ್ತೆ ಮಂದೆ ಕಟ್ಟಿಕೊಡುವ ‘ಬೂಸ ಗೊನೊಫ’ ಎಂಬ ಸಂಪ್ರದಾಯವೂ ಅವರಲ್ಲುಂಟು. ಹೊರಗಿನಿಂದ ಬರುವ ಪರಿಹಾರಕಾರ್ಯ ಶೂನ್ಯದಲ್ಲಿ ಆರಂಭವಾಗುವುದಿಲ್ಲ. ಈ ವ್ಯವಸ್ಥೆಯನ್ನು ಅರಿಯದೆ ಎಲ್ಲಿ ಬೇಕಾದರಲ್ಲಿ ಕೊಳವೆಬಾವಿ ಕೊರೆಸಿದರೆ, ಅದರ ಸುತ್ತ ಮಂದೆಗಳು ಮುತ್ತಿ, ಬರಗಾಲಕ್ಕೆಂದು ಮೀಸಲಿಟ್ಟ ಹುಲ್ಲು ಮೊದಲೇ ಮೇದುಹೋಗುತ್ತದೆ.

ನೀರಿಗೂ ರೋಗಕ್ಕೂ ಇರುವ ನಂಟಿನ ಮಾತಿನಲ್ಲಿ ನಾರುಹುಣ್ಣನ್ನು ಹೇಳಲೇಬೇಕು. ನಮ್ಮ ಕರ್ನಾಟಕದ ಉತ್ತರದ ಜಿಲ್ಲೆಗಳೂ ಒಂದು ಕಾಲದಲ್ಲಿ ಈ ರೋಗದಿಂದ ನರಳಿದುವು. ಭಾರತ ಅದರಿಂದ ಮುಕ್ತವಾಯಿತೆಂದು 2000ದಲ್ಲಿ ದೃಢೀಕರಣ ದೊರೆಯಿತು. 1986ರಲ್ಲಿ ಆಫ್ರಿಕ, ಏಷ್ಯಗಳ ಇಪ್ಪತ್ತೊಂದು ದೇಶಗಳಲ್ಲಿ ಸುಮಾರು 35 ಲಕ್ಷ ಮಂದಿಗೆ ಇದ್ದ ರೋಗ, 2021ರಿಂದ 2024ರವರೆಗೆ ವರ್ಷಕ್ಕೆ ಇಪ್ಪತ್ತಕ್ಕೂ ಕಡಮೆ ಮಂದಿಯಲ್ಲಿ ಮಾತ್ರ ಕಂಡುಬಂದಿದೆ. ಇದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಕುಂಟೆಯ ನೀರನ್ನು ನಯವಾದ ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಳು ಹೊರಬರುತ್ತಿರುವ ಕಾಲನ್ನು ಕುಂಟೆಗೆ ಇಳಿಸದಿರುವುದು, ಇಷ್ಟನ್ನು ಮನೆಮನೆಗೂ ಹೋಗಿ ಹೇಳಿದ ಹಳ್ಳಿಯ ಸ್ವಯಂಸೇವಕರೇ ಇದನ್ನು ಸಾಧಿಸಿದವರು.

ಇನ್ನು ಹಾಲು. ದನಗಾಹಿಯ ಮಗುವಿನ ಮುಖ್ಯ ಆಹಾರ ಹಾಲಾದುದರಿಂದ, ಹಸುವಿನ ಕೆಚ್ಚಲು ಬತ್ತಿದ ದಿನವೇ ಆ ಮಗುವಿನ ಬರ ಆರಂಭವಾಗುತ್ತದೆ. ಸೊಮಾಲಿ ಪ್ರಾಂತ್ಯದಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ, ಬೇಸಗೆಯಲ್ಲಿ ಮಂದೆ ದೂರ ಹೋದಾಗಲೂ ಕೆಲವು ಕರೆಯುವ ಪಶುಗಳನ್ನು ಮನೆಯ ಬಳಿಯಲ್ಲಿ ಉಳಿಸಿಕೊಳ್ಳಲು ಮೇವು ಒದಗಿಸಿದಾಗ, ಅವುಗಳ ಹಾಲು ಕುಡಿದ ಮಕ್ಕಳ ತೂಕ ಇಳಿಯದೆ ನಿಂತಿತು. 2006ರ ಬರದಲ್ಲಿ ಮೊಯಾಲೆ ಎಂಬ ಪಟ್ಟಣದ ಕಡೆ, ದನಗಳು ಸಾಯುವ ಮುನ್ನವೇ ವ್ಯಾಪಾರಿಗಳನ್ನು ಅಲ್ಲಿಗೆ ಕರೆತಂದು, ಸುಮಾರು ಇಪ್ಪತ್ತು ಸಾವಿರ ದನಗಳು ಮಾರಾಟವಾಗುವಂತೆ ಏರ್ಪಡಿಸಲಾಯಿತು. ಆ ಹಣದಿಂದ ಜನ ಕಾಳು ಕೊಂಡರು, ಉಳಿದ ದನಗಳಿಗೆ ಮೇವನ್ನೂ ಔಷಧವನ್ನೂ ಕೊಂಡರು. ಮೇವಿನ ಹೊರೆಯನ್ನು ಮಕ್ಕಳ ಆರೋಗ್ಯದ ಲೆಕ್ಕಕ್ಕೆ ಬರೆಯುವ ಪದ್ಧತಿ ಯಾವ ಇಲಾಖೆಯಲ್ಲಿಯೂ ಇನ್ನೂ ಬಂದಿಲ್ಲ. ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟೆಲ್ಲ ಹೇಳಿದ ಮೇಲೆ, ಉಳಿದ ಕೊರತೆಗಳನ್ನೂ ನಿಮ್ಮ ಮುಂದಿಡಬೇಕಾದುದು ನ್ಯಾಯ. 2020ರ ನವೆಂಬರಿನಿಂದ ಎರಡು ವರ್ಷಗಳ ಕಾಲ ಟಿಗ್ರೇ ಪ್ರಾಂತ್ಯದಲ್ಲಿ ನಡೆದ ಯುದ್ಧದಲ್ಲಿ ಆಸ್ಪತ್ರೆಗಳೂ ಆರೋಗ್ಯಗೃಹಗಳೂ ಲೂಟಿಯಾದುವು, ಹಾಳಾದುವು. ವರ್ಷಗಟ್ಟಲೆ ಕಟ್ಟಿದುದು ತಿಂಗಳುಗಳಲ್ಲಿ ಉರುಳಿತು. ಅದೇ ಅವಧಿಯಲ್ಲಿ ದಕ್ಷಿಣದ ಹುಲ್ಲುಗಾವಲುಗಳಲ್ಲಿ ಐದು ಮಳೆಗಾಲಗಳು ಒಂದರ ಹಿಂದೊಂದು ವಿಫಲವಾಗಿ, ದನಗಳು ಲಕ್ಷಗಟ್ಟಲೆಯಾಗಿ ಸತ್ತುವು. ಕುಲದವರೆಲ್ಲರೂ ಒಟ್ಟಿಗೆ ಬರಿಗೈಯಾದಾಗ ‘ಬೂಸ ಗೊನೊಫ’ಕ್ಕೆ ಹಸು ಕೊಡುವವರಾರು? ಅಲ್ಲದೆ, ಒಂದು ಕೆಬೆಲೆಗೆ ಒಂದು ಆರೋಗ್ಯಗೃಹ ಎಂಬ ಲೆಕ್ಕ ನೆಲೆನಿಂತ ರೈತರ ಊರುಗಳಿಗೆ ಹೊಂದಿದಂತೆ, ಮಳೆಯ ಹಿಂದೆ ನಡೆಯುವ ದನಗಾಹಿಗಳಿಗೆ ಹೊಂದುವುದಿಲ್ಲ. ಸೊಮಾಲಿ ಮತ್ತು ಅಫಾರ್ ಪ್ರಾಂತ್ಯಗಳಲ್ಲಿ ಸಂಚಾರಿ ವೈದ್ಯತಂಡಗಳಿವೆ. ಆದರೆ ಅವು ಬಹುಮಟ್ಟಿಗೆ ಹೊರಗಿನ ಹಣದಿಂದ ನಡೆಯತಕ್ಕವು, ಹಣ ನಿಂತರೆ ವಾಹನವೂ ನಿಲ್ಲುತ್ತದೆ. ಚಾಡ್ ದೇಶದಲ್ಲಿ ಅಲೆಮಾರಿ ದನಗಾಹಿಗಳ ಬೀಡುಗಳನ್ನು ಪರಿಶೀಲಿಸಿದವರು, ದನಗಳಿಗೆ ಲಸಿಕೆಯಾಗಿದ್ದು ಅದೇ ಬೀಡಿನ ಮಕ್ಕಳಿಗೆ ಆಗದಿರುವುದನ್ನು ಕಂಡು, ಪಶುವೈದ್ಯರ ವಾಹನದಲ್ಲಿಯೇ ಮಕ್ಕಳ ಲಸಿಕೆಯನ್ನೂ ದಾದಿಯರನ್ನೂ ಕಳುಹಿಸುವ ಕ್ರಮವನ್ನು ಈ ಶತಮಾನದ ಆರಂಭದಲ್ಲಿ ಜಾರಿಗೆ ತಂದರು. ಒಂದೇ ಶೀತಪೆಟ್ಟಿಗೆ, ಒಂದೇ ಪ್ರಯಾಣ, ಎರಡು ಇಲಾಖೆಗಳ ಕೆಲಸ. ಬೊರಾನ, ಸೊಮಾಲಿ, ಅಫಾರ್ ಸೀಮೆಗಳಲ್ಲಿ ಇದನ್ನು ಸರ್ಕಾರದ ಖಾಯಂ ಆಯವ್ಯಯದಿಂದಲೇ, ಒಳ್ಳೆಯ ಮಳೆಯ ವರ್ಷಗಳಲ್ಲಿಯೂ ನಡೆಸುವುದು ಸಾಧ್ಯವೇ ಎಂಬುದನ್ನು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳು ಅಧ್ಯಯನಕ್ಕೆ ತೆಗೆದುಕೊಳ್ಳಬೇಕೆಂದು ನಾನು ಕೋರುತ್ತೇನೆ.